ವೈನಿ ಕೇಳಿದ ಕವಳಿಹಣ್ಣು

ನಮ್ಮ ವೈನಿ, ಅಂದ್ರ ನಮ್ಮಣ್ಣನ ಹೆಂಡ್ತಿ, ತನಗ ಇಂಥಾದ್ದು ಬೇಕು ಅಂತ ಬಾಯಿ ಬಿಟ್ಟು ಕೇಳಿದಾಕಿ ಅಲ್ಲ. ಸೀರಿ ಇಲ್ಲ, ಬಂಗಾರ ಇಲ್ಲ, ಮುನವಳ್ಳಿ ತವರಮನ್ಯಾಗ ನಾಕು ದಿನ ಹೆಚ್ಚಿಗಿ ಇರತೇನಿ ಅಂತಾನೂ ಇಲ್ಲ. ಅಂಥಾಕಿ ಈ ಸಲ ಬಸುರಾದಾಗ ಒಂದ ಒಂದು ಕೇಳಿದ್ಲು. ಕವಳಿಹಣ್ಣು. ಅದೂ ಸಂತ್ಯಾಗ ಮಾರೂದಲ್ಲ, ಗಿಡದಾಗಿಂದ ತಾನ ಹರಕೊಂಡು ಅಲ್ಲೇ ನಿಂತು ತಿನ್ನಬೇಕು ಅಂತ. ಬಸುರಿ ಬಯಕಿ, ಇಲ್ಲ ಅನ್ನಾಕ ಬರತೈತೇನು? ಹೊಂಟಿವಿ.

ಬೈಲಹೊಂಗಲದಿಂದ ಅಣ್ಣನ ಕಾರಿನ್ಯಾಗ. ಅಣ್ಣ, ವೈನಿ, ಅವರ ಇಬ್ಬರು ಹೆಣ್ಣಮಕ್ಕಳು, ನಮ್ಮವ್ವ, ಮತ್ತ ಸೂಟಿಗೆ ತವರಿಗೆ ಬಂದಿದ್ದ ನಾನು. ಕಿತ್ತೂರ ದಾಟಿ ಡಾಂಬರ ಮುಗಿಯೂತನಕ ಹೋಗಿ, ಅಲ್ಲಿಂದ ಗುಡ್ಡದ ಅಡವಿಗೆ ನಡಕೊಂಡು. ಒಂದೆರಡು ಅಡ್ಡಮಳಿ ಆಗಿದ್ದುವು, ಹಣ್ಣು ರಸಾ ತುಂಬಿಕೊಂಡು ಕರ್ರಗ ಮಿಂಚಾಕತ್ತಿದ್ದುವು. ಅವ್ವ ಮುತ್ತಲ ಎಲಿಗೆ ಕಡ್ಡಿ ಚುಚ್ಚಿ ಎಲ್ಲಾರಿಗೂ ಒಂದೊಂದು ದೊನ್ನಿ ಮಾಡಿ ಕೊಟ್ಲು. ಉಪ್ಪಿನಕಾಯಿಗೆ ಅಂತ ಹಸರು ಕಾಯಿ ತನ್ನ ಸೆರಗಿಗೆ ಹಾಕ್ಕೊಂಡ್ಲು. ಹುಡುಗ್ಯಾರು ಮುಳ್ಳು ತರಚಿದ್ರೂ ನಕ್ಕೋತ ತಿರಗತಿದ್ರು. ಅಲ್ಲೀತನಕ ಎಲ್ಲಾ ಚಂದನ ಇತ್ತು.

ಕವಳಿಹಣ್ಣಿಂದು ನಮ್ಮ ಕಡೆ ಒಂದು ಆಟ ಐತಿ. ಹಣ್ಣು ಅರ್ಧಾ ಕಡದು ನೋಡೂದು. ಒಳಗ ಕೆಂಪಗಿದ್ರ ಹುಂಜ, ಬೆಳ್ಳಗಿದ್ರ ಹ್ಯಾಟಿ, ಅಂದ್ರ ಹೆಣ್ಣಕೋಳಿ. ಕಡಿಯೂ ಮೊದಲ ಯಾವುದು ಅಂತ ಹೇಳಬೇಕು, ತಪ್ಪಿದ್ರ ಹಣ್ಣು ಎದುರಿನವರ ಪಾಲು. ಸಣ್ಣ ಹುಡುಗರ ಆಟ, ಅಷ್ಟ.

ವೈನಿ ಮೊದಲನೇ ಹಣ್ಣು ಹರದು ಬಾಯಿಗೆ ಒಯ್ದ್ಲು. ಅವ್ವ ಗಪ್ಪನ ಆಕಿ ಕೈ ಹಿಡದ್ಲು.

“ತಡಿಯವಾ. ಅರ್ಧಾ ಕಡಿ, ನೋಡೂಣು. ಹುಂಜೋ, ಹ್ಯಾಟಿಯೋ?”

ಅವ್ವನ ಕಣ್ಣು ಹಣ್ಣಿನ ಮ್ಯಾಲಿರಲಿಲ್ಲ, ವೈನಿ ಹೊಟ್ಟಿ ಮ್ಯಾಲಿತ್ತು. ವೈನಿ ಕಡದ್ಲು. ಬೆಳ್ಳಗಿತ್ತು. ಅವ್ವ ಉಳದ ಅರ್ಧಾ ಕಸಗೊಂಡು ಅತ್ಲಾಗ ಒಗದ್ಲು. “ಇದು ಇನ್ನೂ ದೋರಗಾಯಿ, ಲೆಕ್ಕಕ್ಕಿಲ್ಲ. ಇನ್ನೊಂದು ಕಡಿ.” ಅದೂ ಬೆಳ್ಳಗ. ಅದೂ ಹೋತು. ಪಾಪ, ಬಯಕಿ ಅಂತ ಬಂದಾಕಿಗೆ ಒಂದು ಹಣ್ಣು ಪೂರಾ ಗಂಟಲದಾಗ ಇಳೀಲಿಲ್ಲ.

ನಮ್ಮಣ್ಣ ಏನಾರ ಅಂತಾನ ಅಂತ ನೋಡಿದೆ. ಡಿಗ್ರಿ ಓದಿದಂವ, ನಾಕು ಮಂದಿಗೆ ಬುದ್ಧಿ ಹೇಳಾಂವ. ಹಲ್ಲು ಕಿಸಕೊಂಡು, “ಆ ಗಿಡದ್ದು ಬ್ಯಾಡವಾ, ಇದರದ್ದು ಕೊಡು, ಇದರಾಗ ಕೆಂಪನೂವು ಭಾಳ ಅದಾವು” ಅಂದ!

ನನ್ನ ತಲಿ ಕೆಟ್ಟು ಕೆರಾ ಹಿಡೀತು. “ಅವ್ವಾ, ನಾ ಏನದೀನಿ? ಹುಂಜ ಏನು? ಹಡದಿಯಲ್ಲ ನನ್ನ, ಒಗದೀ ಏನು ಅತ್ಲಾಗ?”

“ಏ ಹುಚ್ಚಿ, ಚ್ಯಾಷ್ಟಿಗೆ ಅಂದ್ರ ಹಿಂಗ್ಯಾಕ ಹರಕೊಂತಿ? ಆಟ ಅದು.”

“ಆಟ ಆದ್ರ ನಿನ್ನ ಮಗನ ಬಾಯಿಗೆ ತುರುಕು, ನೋಡೂಣು ಏನು ಬರತೈತಿ ಅಂತ!”

ಅಣ್ಣನ ಮಾರಿ ಸಣ್ಣದಾತು. “ಬಸುರಿ ಮುಂದ ಒದರಬ್ಯಾಡ” ಅಂತ ನನಗ ಹೇಳಾಕ ಬಂದ. ಯಪ್ಪಾ, ಈಗ ನೆನಪಾತು ಈ ಶಾಣ್ಯಾಗ ಹೆಂಡ್ತಿ ಬಸುರಿ ಅಂತ! ಅಷ್ಟರಾಗ ಹಿರೇ ಹುಡುಗಿ ಕಡೆ ನನ್ನ ಲಕ್ಷ್ಯ ಹೋತು. ಆಕಿ ಮುಳ್ಳಿನ ಪೊದಿಯೊಳಗ ಮೊಣಕೈ ಮಟಾ ಕೈ ಹಾಕಿದ್ಲು, ಕೈ ತುಂಬ ಗೀರು.

“ಏನ ಮಾಡಾಕತ್ತಿ?” ಅಂದೆ.

“ನಮ್ಮವ್ವಗ ಕೆಂಪನೂವು ಹುಡಕಾಕತ್ತೇನಿ.”

ಮೂರನೇತ್ತೆ ಓದೂ ಹುಡುಗಿ. ಆಕಿಗೆಲ್ಲಾ ತಿಳದಿತ್ತು. ಆಕಿ ಕೈ ಹೊರಗ ಎಳದು ತೋರಿಸಿ ಅವ್ವಗೂ ಅಣ್ಣಗೂ ಬಾಯಿಗೆ ಬಂದಂಗ ಬೈದೆ. ಅವ್ವ ತಿರುಗಿ ಬೈದ್ಲು, ನಿನ್ನ ಕೊಟ್ಟ ಮನ್ಯಾಗ ಇದನ್ನ ಕಲಿಸ್ಯಾರೇನು ಅಂದ್ಲು. ಅಣ್ಣ ನಡುವ ಬಂದ, ಅಂವಗ ಮತ್ತೊಮ್ಮೆ ಬೈದೆ. ಇಡೀ ಅಡವಿ ಕೇಳಿರಬೇಕು ನಮ್ಮ ಜಗಳ. ವೈನಿ ಪರವಾಗಿ ಒದರಾಕತ್ತೇನಿ ಅಂತ ನನಗ ಭಾಳ ಸೊಕ್ಕೂ ಬಂದಿತ್ತು.

ಆಗ ವೈನಿ ಮುಂದ ಬಂದ್ಲು. ನನ್ನ ಕೈಯಾಗಿನ ದೊನ್ನಿ ತಗೊಂಡ್ಲು. ಒಂದು ಮುಟಗಿ ಹಣ್ಣು ಒಮ್ಮೆಲೇ ಬಾಯಿಗೆ ಹಾಕ್ಕೊಂಡು, ತುಟಿ ಮುಚ್ಚಿ ಅಗದ್ಲು. ಅವ್ವ ಇಷ್ಟಾದ್ರೂ ಬಿಡಲಿಲ್ಲ ನೋಡ್ರಿ, ಬಗ್ಗಿ ಮಾರಿ ನೋಡಿ, “ಏನ ಬಂತವಾ?” ಅಂದ್ಲು.

“ಹುಳಿ ಅದಾವ್ರಿ ಅತ್ತಿ.”

ಹಂಗ ಹೇಳು ಅಂತ ನಾ ಮತ್ತ ಬಾಯಿ ತಗದೆ. ವೈನಿ ನನ್ನ ಕಡೆ ತಿರಗಿದ್ಲು. ಆಕಿಗೆ ಅಷ್ಟು ಸಿಟ್ಟು ಬಂದದ್ದು ನಾ ಎಂದೂ ನೋಡಿದ್ದಿಲ್ಲ.

“ನೀವೂ ಸಾಕು ಮಾಡ್ರಿ. ಅವರು ನನ್ನ ಹೊಟ್ಟಿ ನೋಡಾಕತ್ತಾರ, ನೀವು ಅವರ ಕೂಡ ಜಗಳಾ ಹಿಡದೀರಿ. ನನಗ ತಿನ್ನಾಕ ಯಾರು ಬಿಟ್ರಿ? ಎಲ್ಲಾರೂ ಅತ್ಲಾಗ ಹೋಗ್ರಿ.”

ಇಬ್ಬರೂ ಹುಡುಗ್ಯಾರನ್ನ ಅಷ್ಟ ಕರಕೊಂಡು, ನಮಗ ಬೆನ್ನು ಮಾಡಿ, ಗಿಡದ ಕಡೆ ಮಾರಿ ಮಾಡಿ ನಿಂತು ತಿನ್ನಾಕ ಹತ್ತಿದ್ಲು. ನನ್ನ ಸಿಟ್ಟೇನೂ ಇಳದಿರಲಿಲ್ಲ. ಆದ್ರ ಅವ್ವ, ಅಣ್ಣ, ನಾನು, ಮೂವರೂ ಕಾರಿನ ಕಡೆ ನಡದಿವಿ.