ಎಡಕ್ಕೆ ವಾಲುವ ದೋಣಿವಿಮಾನ

ನಾನು ಭಯ ಕಾಣದವನೇನಲ್ಲ. ಗುಂಡ್ಲುಪೇಟೆ ಪಕ್ಕದ ಮದ್ದೂರಿನ ಕಾಡುರಸ್ತೆಯಲ್ಲಿ ಒಂದು ಸಂಜೆ ಸ್ಕೂಟರಿಗೆ ಆನೆ ಅಡ್ಡ ನಿಂತಾಗ ಎಂಜಿನ್ ಆರಿಸುವುದನ್ನೂ ಮರೆತು ನಿಂತಿದ್ದೆ. ಆದರೆ ಆನೆ ಕಾಡಿಗೆ ಇಳಿಯಿತು, ಭಯವೂ ಅದರ ಹಿಂದೆಯೇ ಇಳಿಯಿತು, ಮಾರನೆಯ ದಿನದಿಂದ ಅದನ್ನೇ ದೊಡ್ಡದು ಮಾಡಿ ಹೇಳಿಕೊಂಡು ಓಡಾಡಿದೆ. ಕಡಲೆಬೀಜದಷ್ಟು ದಪ್ಪದ ಒಂದು ಮರದ ಚೂರು ಹುಟ್ಟಿಸಿದ ಭಯ ಮಾತ್ರ ಎರಡು ವರ್ಷವಾದರೂ ನನ್ನನ್ನು ಬಿಟ್ಟಿಲ್ಲ. ಅದನ್ನು ಯಾರಿಗೂ ಪೂರ್ತಿ ಹೇಳಿಯೂ ಇಲ್ಲ.

ಚಾಮರಾಜನಗರದಲ್ಲಿ ಹುಡುಗರಿಗೆ ಫಿಟ್ಟರ್ ಕೆಲಸ ಕಲಿಸುವ ಮೇಷ್ಟ್ರಾಗಿದ್ದು ನಿವೃತ್ತನಾಗಿ ಗುಂಡ್ಲುಪೇಟೆಯ ಮನೆಗೆ ಬಂದವನು ನಾನು. ಅರ ಹಿಡಿದು ಉಜ್ಜಿ ಅಭ್ಯಾಸವಾದ ಕೈ ಸುಮ್ಮನೆ ಕೂರುವುದಿಲ್ಲ. ಹಾಗಾಗಿ ಹಳೆಯ ಕಾಲದ ದೋಣಿವಿಮಾನಗಳ ಮಾದರಿ ಮಾಡುವ ಚಟ ಹತ್ತಿತು. ನೆಲದ ಮೇಲೆ ಇಳಿಯದೆ ಕೆರೆ, ಸಮುದ್ರಗಳ ಮೇಲೆ ಇಳಿಯುತ್ತಿದ್ದ ವಿಮಾನಗಳು ಅವು, ಹೊಟ್ಟೆಯೇ ದೋಣಿ. ನಲ್ಲಿಯಲ್ಲಿ ನೀರು ಬಂದರೆ ಓಡಿಹೋಗಿ ಬಿಂದಿಗೆ ಇಡುವ ಊರಿನಲ್ಲಿ ಕೂತು ನೀರಿಗಿಳಿಯುವ ವಿಮಾನ ಮಾಡುತ್ತಾನೆ ಎಂದು ಗೆಳೆಯರು ಆಡಿಕೊಂಡರು. ಆಡಿಕೊಳ್ಳಲಿ.

ಇಂಥ ಮಾದರಿ ಮಾಡುವವರಲ್ಲಿ ಬಹಳ ಜನ ಯುದ್ಧದ ಬಣ್ಣ ಬಳಿಯುತ್ತಾರೆ, ಬಂದೂಕು ಅಂಟಿಸುತ್ತಾರೆ. ನನಗೆ ಅದು ಹಿಡಿಸುವುದಿಲ್ಲ. ಜನ ಕೂತು ಊಟ ಮಾಡಿಕೊಂಡು, ಕಿಟಕಿಯ ಪರದೆ ಸರಿಸಿ ಮೋಡ ನೋಡಿಕೊಂಡು ಹೋದ ವಿಮಾನವೇ ನನಗೆ ಬೇಕು. ಬೆಳ್ಳಿ ಬಣ್ಣದ ಮೈ, ಕಿಟಕಿಗಳ ಕೆಳಗೆ ಒಂದು ನೀಲಿ ಪಟ್ಟೆ, ರೆಕ್ಕೆಯ ಮೇಲೆ ನೋಂದಣಿಯ ದಪ್ಪ ಅಕ್ಷರ, ಮೂತಿಯ ಹತ್ತಿರ ಎಂದೋ ಮುಚ್ಚಿಹೋದ ವಿಮಾನ ಕಂಪನಿಯ ಹೆಸರು. ಫೋನಿನಲ್ಲಿ ಹಳೆಯ ಫೋಟೊ ಹಿಗ್ಗಿಸಿ ನೋಡಿ, ಉಸಿರು ಬಿಗಿಹಿಡಿದು ಸಣ್ಣ ಕುಂಚದಲ್ಲಿ ಆ ಹೆಸರು ಬರೆಯುವಾಗ ಮನೆಯಲ್ಲಿ ಯಾರೂ ಬಾಗಿಲು ದಬ್ಬುವಂತಿರಲಿಲ್ಲ. ದಬ್ಬಿದರೆ ಬೈಗುಳ ತಪ್ಪುತ್ತಿರಲಿಲ್ಲ.

ಈ ವಿಮಾನಗಳ ಎರಡು ರೆಕ್ಕೆಗಳ ತುದಿಯಲ್ಲೂ ಪುಟ್ಟ ದೋಣಿಯಂಥ ಒಂದೊಂದು ಬುರುಡೆ ನೇತಾಡುತ್ತದೆ. ಅದಕ್ಕೆ ಫ್ಲೋಟು ಎನ್ನುತ್ತಾರೆ. ನೀರಿನ ಮೇಲೆ ನಿಂತಾಗ ವಿಮಾನ ನೆಟ್ಟಗೆ ನಿಲ್ಲುವುದಿಲ್ಲ, ಒಂದು ಪಕ್ಕಕ್ಕೆ ಕೊಂಚ ವಾಲಿ ಆ ಕಡೆಯ ಫ್ಲೋಟನ್ನು ನೀರಿಗೆ ಊರಿಕೊಂಡು ನಿಲ್ಲುತ್ತದೆ. ಆ ವಾಲು ನನಗೆ ಬೇಕಿತ್ತು. ಬೆಂಡಿನಷ್ಟು ಹಗುರವಾದ ಬಾಲ್ಸಾ ಮರದಲ್ಲಿ ಎರಡೂ ಫ್ಲೋಟು ಕೆತ್ತಿ, ಎಡಗಡೆಯದರಲ್ಲಿ ಮಾತ್ರ ತೂತು ಕೊರೆದು, ಮೀನುಗಾಳದ ಸೀಸದ ಗುಂಡನ್ನು ಕತ್ತರಿಸಿ ಒಂದು ಚೂರು ತುರುಕಿ, ಮೇಲೆ ಬಣ್ಣ ಬಳಿದೆ. ಬಣ್ಣ ಬಳಿದ ಮೇಲೆ ಯಾವುದರಲ್ಲಿ ಸೀಸವಿದೆ ಎಂದು ನನಗೂ ನೋಡಿ ಹೇಳಲು ಬರುತ್ತಿರಲಿಲ್ಲ. ಅಷ್ಟು ಚೆನ್ನಾಗಿ ಮಾಡಿದ್ದೆ, ಅದೇ ತಪ್ಪಾಯಿತು.

ನಮ್ಮ ಮನೆಯ ನಡುಮನೆಗೆ ಹಾಸಿರುವುದು ನಮ್ಮ ಜಿಲ್ಲೆಯದೇ ಕರಿಕಲ್ಲು. ಒರೆಸಿದ ಮೇಲೆ ಅದು ನೀರು ನಿಂತ ಹಾಗೆ ಹೊಳೆಯುತ್ತದೆ. ವಿಮಾನವನ್ನು ಅದರ ಮೇಲಿಟ್ಟು, ನಾನೂ ಬೋರಲಾಗಿ ಮಲಗಿ ನೋಡಿದರೆ ಕೆಳಗೆ ಇನ್ನೊಂದು ವಿಮಾನ ಕಾಣುತ್ತಿತ್ತು. ಆ ಅವಘಡಕ್ಕೆ ಒಂದು ವಾರ ಮೊದಲೇ ಸೊಸೆ ಹೇಳಿದ್ದಳು.

"ಮಾವ, ಕೂಸು ಅಂಬೆಗಾಲಿಕ್ತಾ ಅದೆ. ಸಿಕ್ಕಿದ್ದೆಲ್ಲ ಬಾಯಿಗೆ ಹಾಕ್ಕತದೆ. ಇವನ್ನೆಲ್ಲ ಅಟ್ಟದ ಮ್ಯಾಲೆ ಇಟ್ಬುಡಿ."

"ನಲವತ್ತು ವರ್ಷ ಸಾಮಾನು ಎಣಿಸಿ ಇಟ್ಟೋನು ಕಣವ್ವ ನಾನು. ನನಗೆ ಹೇಳಿಕೊಡಬ್ಯಾಡ" ಎಂದಿದ್ದೆ. ಅವಳು ತೆರಕಣಾಂಬಿಯಲ್ಲಿ ಹೈಸ್ಕೂಲ್ ಟೀಚರು. ಇಡೀ ತರಗತಿಯನ್ನು ಒಂದು ನೋಟದಲ್ಲಿ ಸುಮ್ಮನಾಗಿಸುವವಳು ನನ್ನ ಮುಂದೆ ತಾನೇ ಸುಮ್ಮನಾದಳು.

ಅವಘಡದ ದಿನ ಅವಳು ರಜೆ ಹಾಕಿದ್ದಳು. ಮಗ ಅರಣ್ಯದ ಕೆಲಸದವನು, ಫೋನ್ ಸಿಗದ ಕಡೆ ಹೋಗಿದ್ದ. ಬೆಳಿಗ್ಗೆ ಹತ್ತರ ಹೊತ್ತಿಗೆ ವಿಮಾನವನ್ನು ಕರಿಕಲ್ಲಿನ ಮೇಲಿಟ್ಟು, ಕನ್ನಡಕ ತರಲು ಒಳಗೆ ಹೋದೆ. ಫ್ಲೋಟುಗಳನ್ನು ಆಗಿನ್ನೂ ಬಿಳಿ ಗೋಂದಿನಲ್ಲಿ ಸುಮ್ಮನೆ ತಾಕಿಸಿದ್ದೆ ಅಷ್ಟೆ. ಕನ್ನಡಕ ಕೈಗೆ ಸಿಕ್ಕಿರಲಿಲ್ಲ, ಕೂಸು ಕೆಮ್ಮಿದ್ದು ಕೇಳಿಸಿತು. ಹನ್ನೊಂದು ತಿಂಗಳ ಹೆಣ್ಣುಕೂಸು. ಓಡಿ ಬಂದರೆ ಮುಖ ಕೆಂಪಾಗಿ, ಕಣ್ಣಲ್ಲಿ ನೀರು ಸುರಿಸಿಕೊಂಡು, ಉಸಿರು ಎಳೆಯಲಾರದೆ ಒದ್ದಾಡುತ್ತಿತ್ತು. ಸೊಸೆ ಎತ್ತಿ ಬೋರಲು ಹಾಕಿ ಬೆನ್ನಿಗೆ ತಟ್ಟಿದಳು. ಏನೂ ಬೀಳಲಿಲ್ಲ. ನಾಲ್ಕು ಸಲ ಕೆಮ್ಮಿ ಕೂಸು ಸುಮ್ಮನಾಯಿತು. ಆಮೇಲೆ ಏನೂ ಆಗದ ಹಾಗೆ ಅವಳ ಸರಕ್ಕೆ ಕೈ ಹಾಕಿತು.

ನಾನು ನೆಲ ನೋಡಿದೆ. ವಿಮಾನ ಮಗ್ಗುಲಾಗಿ ಬಿದ್ದಿತ್ತು, ಒಂದು ಫ್ಲೋಟು ಇರಲಿಲ್ಲ. ವಿಮಾನವನ್ನು ಎತ್ತಿ ಬೀರುವಿನ ಮೇಲೆ ಎಸೆದೆ. ಯಾವ ಕಡೆಯದು ಹೋಗಿದೆ ಎಂದು ನೋಡುವಷ್ಟು ಬುದ್ಧಿ ಆಗ ಇರಲಿಲ್ಲ. ನನ್ನ ತಲೆಯಲ್ಲಿದ್ದದ್ದು ಸೀಸ ಎಂಬ ಒಂದೇ ಮಾತು. ಸೀಸ ವಿಷ.

ಕೂಸನ್ನು ಯಾವಾಗಲೂ ತೋರಿಸುತ್ತಿದ್ದ ಮಕ್ಕಳ ಡಾಕ್ಟರು ಚಾಮರಾಜನಗರದಲ್ಲಿದ್ದರು. ನನ್ನ ಹಳೆಯ ಕಾರಿನಲ್ಲಿ ಹೊರಟೆವು. ಹೆಂಡತಿ ಮನೆಯಲ್ಲೇ ಉಳಿದು ಮೂಲೆಮೂಲೆ ಹುಡುಕುತ್ತೇನೆ ಎಂದಳು, ಗೋಪಾಲಸ್ವಾಮಿ ಬೆಟ್ಟದ ಕಡೆ ತಿರುಗಿ ಕೈಮುಗಿದು ಹರಕೆ ಹೊತ್ತಳು. ದಾರಿಯುದ್ದಕ್ಕೂ ನನ್ನ ಕಿವಿ ಹಿಂದಿನ ಸೀಟಿನಲ್ಲೇ ಇತ್ತು. ಕೂಸು ಸದ್ದು ಮಾಡಿದರೆ ಕೆಮ್ಮು ಬಂತೇನೋ ಎಂದು ತಿರುಗಿ ನೋಡುತ್ತಿದ್ದೆ, ಸದ್ದಿಲ್ಲದಿದ್ದರೆ ಇನ್ನೂ ಜಾಸ್ತಿ. ತೆರಕಣಾಂಬಿಯಲ್ಲಿ ಒಂದು ಬಸ್ಸು ರಸ್ತೆಗೆ ಅಡ್ಡಲಾಗಿ ನಿಂತು ಜನ ಹತ್ತಿಸಿಕೊಳ್ಳುತ್ತಿತ್ತು. ಹಾರನ್ ಮೇಲೆ ಕೈ ಇಟ್ಟವನು ತೆಗೆಯಲಿಲ್ಲ. ಸೊಸೆ "ಉಸುರಾಡ್ತಾ ಅದೆ ಮಾವ, ನೋಡ್ಕಂಡು ಓಡ್ಸಿ" ಎಂದಳು.

ಡಾಕ್ಟರು ಎದೆಗೆ ಸ್ಟೆತಸ್ಕೋಪು ಇಟ್ಟು ಕೇಳಿದರು. "ನುಂಗಿದ್ದು ಎಂಥ ವಸ್ತು?"

"ಮರದ್ದು ಸಾರ್, ಒಳಗೆ ಸೀಸ ತುಂಬಿದೆ" ಎಂದೆ. ಮೇಷ್ಟ್ರ ಗತ್ತಿನಲ್ಲಿ, ಅಳತೆ ಸಮೇತ ಹೇಳಿದೆ.

"ಸೀಸ ಇದ್ದರೆ ಎಕ್ಸ್‌ರೇಯಲ್ಲಿ ಬೆಳ್ಳಗೆ ಎದ್ದು ಕಾಣುತ್ತೆ, ತಪ್ಪಿಸಿಕೊಳ್ಳೋದಿಲ್ಲ" ಎಂದು ಗಂಟಲಿನಿಂದ ಹೊಟ್ಟೆಯವರೆಗೆ ತೆಗೆಸಿದರು. ಏನೂ ಇರಲಿಲ್ಲ. ದೀಪದ ಮುಂದೆ ಹಾಳೆ ಹಿಡಿದು ತೋರಿಸಿದರು. ಬಿಳಿ ಚುಕ್ಕೆ ಎಲ್ಲೂ ಇಲ್ಲ. "ಕೂಸು ನುಂಗೇ ಇಲ್ಲ. ಬಾಯಿಗೆ ಹಾಕಿಕೊಂಡು ಉಗುಳಿದೆ. ಮನೆಯಲ್ಲಿ ಹುಡುಕಿ, ಸಿಗುತ್ತೆ" ಎಂದು ನಕ್ಕರು.

ಸೊಸೆ ಹೊರಗಿನ ಬೆಂಚಿನ ಮೇಲೆ ಕುಸಿದು ಕೂತು, ಕೂಸಿನ ನೆತ್ತಿಗೆ ಮುಖ ಒತ್ತಿ ಒಂದಿಷ್ಟು ಅತ್ತಳು, ಆಮೇಲೆ ನಕ್ಕಳು. "ಒಂದೊಂದು ಲೋಟ ಟೀ ಕುಡ್ಕಂಡು ಓಗನ ಮಾವ" ಎಂದಳು. ಗೇಟಿನ ಹತ್ತಿರದ ಅಂಗಡಿಯಿಂದ ತಂದೆ.

ಮೊದಲನೆಯ ಗುಟುಕಿಗೇ ನನಗೆ ನೆನಪಾಯಿತು. ಸೀಸ ಇದ್ದದ್ದು ಒಂದರಲ್ಲಿ ಮಾತ್ರ. ಇನ್ನೊಂದು ಬರೀ ಮರ. ಮರ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ ಎಂಬುದು ಫಿಟ್ಟರ್ ಮೇಷ್ಟ್ರಿಗೆ ಗೊತ್ತಿಲ್ಲದ ವಿಷಯವಲ್ಲ.

ಇದನ್ನೇ ನಾನು ಯಾರಿಗೂ ಹೇಳದೆ ಇಟ್ಟುಕೊಂಡಿರುವುದು. ನೆನಪಾದ ಕೂಡಲೇ ಲೋಟ ಕೆಳಗಿಟ್ಟು ಡಾಕ್ಟರ ಹತ್ತಿರ ಓಡಬೇಕಿತ್ತು. ಓಡಲಿಲ್ಲ. ಸೊಸೆಯ ಮುಖ ನೋಡಿದೆ, ಈಗತಾನೆ ಜೀವ ಬಂದ ಮುಖ. ಅಟ್ಟದ ಮೇಲೆ ಇಡಿ ಎಂದವಳನ್ನು ಗದರಿದವನು ನಾನು, ಅಷ್ಟು ಜೋರಾಗಿ ಡಾಕ್ಟರಿಗೆ ಸೀಸ ಎಂದವನೂ ನಾನೇ. ಈಗ ಎದ್ದು, ಇಲ್ಲ, ತಪ್ಪು ಹೇಳಿದೆ ಎಂದರೆ? ಹೋಗಿರುವುದು ಸೀಸದ್ದೇ ಇರಬಹುದಲ್ಲ, ಆಗ ಕೂಸು ನುಂಗಿಲ್ಲವೆಂಬುದೇ ನಿಜವಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಕೂಸು ಆಡಿಕೊಂಡೇ ಇದೆಯಲ್ಲ ಎಂದುಕೊಂಡೆ. ಹೀಗೆ ಅಂದುಕೊಳ್ಳುತ್ತಾ ಲೋಟ ಖಾಲಿ ಮಾಡಿದೆ. ಅವಳ ಲೋಟವನ್ನೂ ತೊಳೆದು ಅಂಗಡಿಗೆ ಹಿಂತಿರುಗಿಸಿದೆ. ಕಾರಿನ ಬಾಗಿಲು ತೆರೆದು ಅವರನ್ನು ಕೂರಿಸಿದೆ.

ಕೀಲಿ ತಿರುಗಿಸುವಾಗ ಹೆಂಡತಿಯ ಫೋನ್ ಬಂತು.

"ಎಲ್ಲ ಗುಡಿಸಿ ನೋಡ್ದೆ ಕಣ್ರೀ, ಎಲ್ಲೂ ಇಲ್ಲ. ಇನ್ನೊಂದು ರೆಕ್ಕೇಲೇ ನೇತಾಡ್ತಾ ಅದೆ."

ಎಡವೋ ಬಲವೋ ಎಂದು ಕೇಳಬಹುದಿತ್ತು. ಅವಳು ಮೂತಿಯ ಕಡೆಯಿಂದ ನೋಡಿ ಹೇಳುತ್ತಾಳೋ ಬಾಲದ ಕಡೆಯಿಂದಲೋ. "ಅದನ್ನ ಮುರಿದು ಒಂದು ಚೊಂಬು ನೀರಿಗೆ ಹಾಕು" ಎಂದೆ.

"ಅಯ್ಯೋ, ಮೂರು ತಿಂಗ್ಳು ಕೂತ್ಕಂಡು ಮಾಡಿದ್ದೀರಿ, ಯಾಕೆ ಮುರಿಯದು?"

"ಮುರಿಯೇ!" ಎಂದು ಕಿರುಚಿದೆ. ಹಿಂದಿನ ಸೀಟಿನಲ್ಲಿ ಸೊಸೆ ಬೆಚ್ಚಿ ನನ್ನತ್ತ ಬಾಗಿದಳು.

ಲಟಕ್ ಎಂದದ್ದು ಫೋನಿನಲ್ಲೇ ಕೇಳಿಸಿತು. ತೇಲಲಿ ಎಂದು ನಾನು ದೇವರನ್ನು ಬೇಡಿದೆ. ತೇಲಿದರೆ ಉಳಿದಿರುವುದು ಬರೀ ಮರ, ಹೋಗಿರುವುದು ಸೀಸದ್ದು, ಸೀಸ ಕೂಸಿನ ಮೈಯಲ್ಲಿಲ್ಲ.

"ಮುಳುಗ್ಬುಡ್ತು ಕಣ್ರೀ" ಎಂದಳು.

ಕೂಸನ್ನು ಸೊಸೆಯ ಮಡಿಲಿನಿಂದ ಕಿತ್ತುಕೊಂಡು ಒಳಗೆ ಓಡಿದೆ. ಡಾಕ್ಟರಿಗೆ ಏನು ಹೇಳಿದೆನೋ, ಹೇಗೆ ಹೇಳಿದೆನೋ. ಅವರ ಮುಖದ ನಗು ಹೋಯಿತು. ಈ ಸಲ ಸ್ಟೆತಸ್ಕೋಪು ಇಟ್ಟು ಬಹಳ ಹೊತ್ತು ಕೇಳಿದರು. ಬಲಗಡೆಯ ಎದೆಯಲ್ಲಿ ಉಸಿರಿನ ಸದ್ದು ಕಡಿಮೆ ಎಂದರು. ಮೈಸೂರಿನ ದೊಡ್ಡ ಆಸ್ಪತ್ರೆಗೆ ಆಂಬುಲೆನ್ಸಿನಲ್ಲಿ ಕಳಿಸಿದರು. ಆ ದಾರಿಯ ಬಗ್ಗೆ ಬರೆಯಲಾರೆ. ನಂಜನಗೂಡು ದಾಟುವಾಗ ಉಸಿರೆಳೆದಾಗೆಲ್ಲ ಕೂಸಿನ ಪಕ್ಕೆ ಒಳಕ್ಕೆ ಸೆಳೆಯತೊಡಗಿತ್ತು ಎಂಬುದಷ್ಟೇ ಸಾಕು. ಬಾಲ್ಸಾ ಮರ ನೀರು ಕುಡಿದರೆ ಊದುತ್ತದೆ, ಅದೂ ನನಗೆ ಗೊತ್ತಿತ್ತು.

ಅಲ್ಲಿ ಗಂಟಲಿನ ಮೂಲಕ ನಳಿಗೆ ಇಳಿಸಿ ತೆಗೆದರು. ಸಣ್ಣ ಬಾಟಲಿಯಲ್ಲಿ ಹಾಕಿ ತಂದು ತೋರಿಸಿದ ಡಾಕ್ಟರಮ್ಮ, "ಊದಿಕೊಳ್ಳೋಕೆ ಶುರುವಾಗಿತ್ತು. ಮನೆಗೆ ವಾಪಸ್ ಕರಕೊಂಡು ಹೋಗಿದ್ದಿದ್ದರೆ ಕಷ್ಟವಾಗ್ತಿತ್ತು. ಸರಿಯಾದ ಹೊತ್ತಿಗೆ ನೆನಪು ಮಾಡಿಕೊಂಡ್ರಿ ಯಜಮಾನರೇ" ಎಂದರು. ಬೆಳ್ಳಿ ಬಣ್ಣ ಸುಲಿದು ಬಿಳಿಮರ ಕಾಣುತ್ತಿತ್ತು.

ಸೊಸೆ ಆಸ್ಪತ್ರೆಯ ಪಡಸಾಲೆಯಲ್ಲಿ, ಅಷ್ಟು ಜನರ ಮುಂದೆ, ಬಗ್ಗಿ ನನ್ನ ಕಾಲು ಮುಟ್ಟಿದಳು. ಕಾಲು ಹಿಂದಕ್ಕೆಳೆದುಕೊಂಡೆ. ಆಗಲೇ ಹೇಳಬೇಕಿತ್ತು. "ಏಳವ್ವ, ಕೂಸು ಅಳ್ತಾ ಅದೆ ನೋಡೋಗು" ಎಂದೆ, ಅಷ್ಟೇ.

ಮನೆಗೆ ಬಂದ ಮೇಲೆ ಆ ವಿಮಾನವನ್ನು ಒಡೆದುಹಾಕಲು ಹೋದರೆ ಅವಳೇ ಬಿಡಲಿಲ್ಲ. ಗಾಜಿನ ಬಾಗಿಲಿನ ಬೀರು ಮಾಡಿಸಿ, ಬೀಗ ಹಾಕಿಸಿ, ಎಲ್ಲವನ್ನೂ ತಾನೇ ಜೋಡಿಸಿದಳು. ಬಂದವರಿಗೆಲ್ಲ ಹೇಳುತ್ತಾಳೆ, ನಮ್ಮ ಮಾವನ ತಲೆ ಓಡಿದ್ದಕ್ಕೆ ನನ್ನ ಕೂಸು ಉಳೀತು ಅಂತ. ನಾನು ಪಕ್ಕದಲ್ಲೇ ಕೂತು ಕೇಳುತ್ತೇನೆ. ಅವತ್ತು ಆ ಫೋನ್ ಬರದಿದ್ದರೆ ನಾನು ಕಾರು ತಿರುಗಿಸುತ್ತಿದ್ದೆನೋ ಇಲ್ಲವೋ ಎಂದು ಈಗಲೂ ನನ್ನನ್ನೇ ಕೇಳಿಕೊಳ್ಳುತ್ತೇನೆ. ತೆರಕಣಾಂಬಿ ದಾಟುವವರೆಗೂ ಸುಮ್ಮನೆ ಓಡಿಸುತ್ತಿದ್ದೆನೇನೋ. ಕೂಸಿಗೆ ಈಗ ಮೂರು ವರ್ಷ. ಅದು ಸುಮ್ಮನೆ ನೆಗಡಿಗೆ ಕೆಮ್ಮಿದರೂ ನನ್ನ ಕೈಯಿಂದ ಕುಂಚ ಜಾರುತ್ತದೆ.

ಬಿಡುವಿನಲ್ಲಿ ನಾನು ಬರೆಯುವುದನ್ನೆಲ್ಲ ಓದಿ ಕಂಪ್ಯೂಟರಿನಲ್ಲಿ ಟೈಪ್ ಮಾಡಿಕೊಡುವವಳು ಸೊಸೆಯೇ. ಸ್ಕೂಲಿನಿಂದ ಬಂದು, ಕಾಫಿ ಕುಡಿದು, "ಇವತ್ತು ಏನ್ ಬರ್ದಿದ್ದೀರಿ ಮಾವ?" ಎಂದು ಕೈ ಚಾಚುತ್ತಾಳೆ. ಈಗ ನಾಲ್ಕೂವರೆ, ಈ ಹಾಳೆಗಳು ನನ್ನ ಮುಂದೆಯೇ ಇವೆ. ಗೇಟಿನ ಸದ್ದಾಯಿತು.