ಆಲೆಮನೆಯಲ್ಲಿ ಕೂತವರು

ಮದ್ದೂರಿನ ಹೈಸ್ಕೂಲಿನಲ್ಲಿ ನಾನು ಹಿಂದಿ ಮೇಷ್ಟ್ರು. ಒಂದು ಶನಿವಾರ ಶಾಲೆ ಬಿಡುವ ಹೊತ್ತಿಗೆ ಐವತ್ತು ದಾಟಿದ ಹೆಂಗಸೊಬ್ಬರು ಬಂದರು. ಆಲೆಮನೆಯೊಂದರಲ್ಲಿ ಉತ್ತರದ ಕಡೆಯ ಜನರನ್ನು ಜೀತಕ್ಕಿಟ್ಟುಕೊಂಡಿರುವ ಸುದ್ದಿ ಇದೆ, ಅವರ ಭಾಷೆ ತನಗೆ ಬಾರದು, ಜೊತೆಗೆ ಬರಬೇಕು ಎಂದರು. ಆಕೆ ಮಳವಳ್ಳಿ ಕಡೆಯವರು. ಚಿಕ್ಕಂದಿನಲ್ಲಿ ಅಪ್ಪ ಅಮ್ಮನ ಜೊತೆ ಕಲ್ಲು ಕ್ವಾರಿಯಲ್ಲಿ ತಾವೇ ಜೀತ ಮಾಡಿದ್ದವರು. ಬಿಡುಗಡೆಯಾದ ಮೇಲೆ ಇಂಥವರನ್ನು ಹುಡುಕಿಕೊಂಡು ಊರೂರು ಅಲೆಯುವುದೇ ಅವರ ಕೆಲಸವಾಗಿತ್ತು.

ಆಲೆಮನೆ ಯಾರದೆಂದು ಕೇಳಿ ನನಗೆ ಕಸಿವಿಸಿಯಾಯಿತು. ಅದು ನನ್ನ ಹೆಂಡತಿಯ ಚಿಕ್ಕಪ್ಪನದು. ನಮ್ಮ ಮನೆಗೆ ಬೆಲ್ಲ ಬರುತ್ತಿದ್ದುದೂ ಅಲ್ಲಿಂದಲೇ. ಆ ಜನರನ್ನು ಎಷ್ಟೋ ಸಲ ನೋಡಿದ್ದೆ, ಒಮ್ಮೆಯೂ ಮಾತಾಡಿಸಿರಲಿಲ್ಲ. ಇಲ್ಲ ಅನ್ನಲು ಬಾಯಿ ಬರಲಿಲ್ಲ, ಹೋದೆ.

ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು. ಆ ಹೆಂಗಸು ಯಾರ ಅಪ್ಪಣೆಯನ್ನೂ ಕೇಳದೆ ಒಳಗೆ ನಡೆದು, ಒಲೆಗೆ ಸಿಪ್ಪೆ ತಳ್ಳುತ್ತಿದ್ದವರ ಪಕ್ಕ ನೆಲದ ಮೇಲೆ ಕೂತರು.

"ನಾಳೀಕೆ ಊರ್ಗೆ ಓಯ್ತೀವಿ ಅಂದ್ರೆ ಬುಡ್ತಾರಾ? ಇದೊಂದ್ ಕೇಳಿ ಮೇಷ್ಟ್ರೇ."

ಹಿಂದಿಯಲ್ಲಿ ಕೇಳಿದೆ. ಸಿಪ್ಪೆ ತಳ್ಳುತ್ತಲೇ ಒಬ್ಬಾಕೆ, ಅವ್ವ ಸತ್ತ ಸುದ್ದಿ ಬಂದಾಗಲೂ ತನ್ನನ್ನು ಕಳಿಸಲಿಲ್ಲ, ಎಲ್ಲರ ಫೋನು, ಆಧಾರ್ ಕಾರ್ಡು ಮಾಲೀಕರ ಬೀರುವಿನಲ್ಲಿವೆ ಎಂದಳು. ಅದನ್ನು ಕನ್ನಡದಲ್ಲಿ ಹೇಳಿದೆ.

ಮಳವಳ್ಳಿಯ ಹೆಂಗಸು ಕೂತಲ್ಲಿಂದಲೇ ತಾಲ್ಲೂಕು ಕಚೇರಿಗೆ ಫೋನು ಮಾಡಿದರು. ಅಷ್ಟರಲ್ಲಿ ಚಿಕ್ಕಮಾವ ಬೈಕಿನಲ್ಲಿ ಬಂದ. ನೀನೂ ಇವರ ಜೊತೆ ಸೇರಿಕೊಂಡೆಯಾ ಎಂದು ನನ್ನನ್ನು ಬೈದು, ಅವರಿಗೆ ಎದ್ದು ಹೋಗುವಂತೆ ಗದರಿದ.

"ಆಪೀಸರ್ರು ಬರಗಂಟ ಏಳಾಕಿಲ್ಲ ಕಣಪ್ಪ," ಎಂದರು ಅವರು, ದನಿ ಏರಿಸದೆ.

ಕಬ್ಬು ಕಡಿಯುವ ಮಚ್ಚು ಹಿಡಿದೇ ಅವನ ಕಡೆಯ ನಾಲ್ಕು ಜನ ಬಾಗಿಲಲ್ಲಿ ನಿಂತರು. ಹೆದರಿಕೆ ಆಗಲ್ವಾ ಅಂತ ಅವರನ್ನು ಮೆಲ್ಲಗೆ ಕೇಳಿದೆ.

"ಆಯ್ತದೆ. ಕಾಲು ನಡುಗ್ತವೆ. ಅದ್ಕೇಯ ಕೂತ್ಕಳಾದು."

ಅಷ್ಟು ಹೊತ್ತೂ ಅವರು ಕೂತದ್ದನ್ನು ಧೈರ್ಯ ಅಂದುಕೊಂಡಿದ್ದೆ. ಹೆದರಿಕೊಂಡೂ ಏಳದೆ ಕೂರುವುದು ಅದಕ್ಕಿಂತ ದೊಡ್ಡದು ಅನ್ನಿಸಿತು. ನಾನೂ ಪಕ್ಕದಲ್ಲಿ ಕೂತೆ.

ಹೊತ್ತು ಇಳಿಯುವಾಗ ಅಧಿಕಾರಿಗಳು ಪೊಲೀಸರೊಂದಿಗೆ ಬಂದು ಬೀರು ತೆಗೆಸಿದರು. ಅಲ್ಲಿ ಜೀತಕ್ಕಿದ್ದ ಹನ್ನೊಂದು ಜನರಿಗೂ ಬಿಡುಗಡೆಯ ಪತ್ರ ಸಿಕ್ಕಿತು. ಮೂರನೇ ದಿನ ಮಂಡ್ಯದಲ್ಲಿ ರೈಲು ಹತ್ತಿಸಲು ಹೋದೆವು. ಅವ್ವನನ್ನು ಕಳೆದುಕೊಂಡಾಕೆ ಕಾಲಿಗೆ ಬೀಳಲು ಬಂದಳು. ಇವರು ಅವಳ ತೋಳು ಹಿಡಿದೆತ್ತಿ, ದಾರಿಗೆ ನೀರು ತುಂಬಿಸಿಕೊಂಡರಾ ಅಂತ ನನ್ನಿಂದ ಕೇಳಿಸಿದರು.

ಚಿಕ್ಕಮಾವನ ಮೇಲಿನ ಕೇಸು ಇನ್ನೂ ನಡೆಯುತ್ತಿದೆ. ನನ್ನ ಹೆಂಡತಿ ತಿಂಗಳುಗಟ್ಟಲೆ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಆಮೇಲೊಂದು ಬೆಳಿಗ್ಗೆ, ಅವತ್ತು ನಡೆದದ್ದನ್ನೆಲ್ಲ ಮೊದಲಿಂದ ಹೇಳಿ ಎಂದಳು. ಕೇಳಿ ಮುಗಿಸಿ, ಆ ಹೆಂಗಸನ್ನು ಭಾನುವಾರ ಊಟಕ್ಕೆ ಕರೆಯಲು ತಾನೇ ಫೋನು ಮಾಡಿದಳು.