ಅರವತ್ತಾರರ ಉದಯೋನ್ಮುಖ ಕಲಾವಿದೆ

ಕಳೆದ ಶನಿವಾರ ಮಿನಿವ್ಯಾನಿನ ಗ್ಲೋವ್ ಬಾಕ್ಸ್ ಕ್ಲೀನ್ ಮಾಡುವಾಗ ಇನ್ಶೂರೆನ್ಸ್ ಕಾಗದಗಳ ಅಡಿಯಿಂದ ಪುಟ್ಟದೊಂದು ಲಕೋಟೆ ಸಿಕ್ಕಿತು. ಒಳಗೆ ಸುರುಳಿ ಸುತ್ತಿದ, ವಾದ್ಯಕ್ಕೆ ಬಿಗಿಯುವ ಕರುಳಿನ ತಂತಿ. ಬಾದಾಮಿ ಎಣ್ಣೆಯ ವಾಸನೆ, ಅದರ ಹಿಂದೆಯೇ ಒಣಗಿದ ಚರ್ಮದಂಥ ಇನ್ನೇನೋ ವಾಸನೆ... ಕೆಲಸ ಅಲ್ಲಿಗೇ ನಿಂತಿತು. ಪಕ್ಕದ ಮನೆಯ ಆಂಟಿ ನೆನಪಾದರು.

ಗೈದರ್ಸ್‌ಬರ್ಗ್‌ನ ನಮ್ಮ ಟೌನ್‌ಹೌಸ್ ಸಾಲಿನಲ್ಲಿ ಅವರ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ಮೈಸೂರಿನವರು. ಮೂವತ್ತು ವರ್ಷ ಲ್ಯಾಬಿನಲ್ಲಿ ದುಡಿದು ರಿಟೈರ್ ಆಗಿದ್ದರು. ಅಂಕಲ್ ತೀರಿಕೊಂಡು ಬಹಳ ಕಾಲವಾಗಿತ್ತು, ಒಬ್ಬಳೇ ಮಗಳು ಅಟ್ಲಾಂಟಾದಲ್ಲಿದ್ದಳು. ಕೋವಿಡ್ ಬಂದು ಊರಿಗೆ ಊರೇ ಮನೆಯಲ್ಲಿ ಕೂತು ಬ್ರೆಡ್ ಬೇಯಿಸುತ್ತಿದ್ದಾಗ ಈ ಪುಣ್ಯಾತ್ಗಿತ್ತಿ ವಿಯೋಲ ದ ಗಾಂಬ ಎಂಬ ವಾದ್ಯವನ್ನು ಬಾಡಿಗೆಗೆ ತರಿಸಿ ಜೂಮ್‌ನಲ್ಲಿ ಪಾಠ ಶುರುಮಾಡಿದರು. ಮೊಣಕಾಲುಗಳ ನಡುವೆ ಹಿಡಿದು ಕಮಾನಿನಿಂದ ನುಡಿಸುವ, ಯೂರೋಪಿನ ರಾಜರ ಕಾಲದ ವಾದ್ಯ ಅದು. ಆಗ ಅವರಿಗೆ ಅರವತ್ಮೂರು.

ಕನ್ನಡ ಸಂಘದ ಪಾಟ್‌ಲಕ್‌ನಲ್ಲಿ ಒಬ್ಬರು, “ತಂತಿ ಕುರಿ ಕರುಳಿನದಂತೆ, ಗೊತ್ತಾ?” ಎಂದು ಕೆಣಕಿದರು.

“ಗೊತ್ತು ಕಣ್ರೀ. ಮೂವತ್ತು ವರ್ಷ ಇಲಿ ಕುಯ್ದಿದ್ದೀನಿ, ಕುರಿಗೇನು ಹೆದರ್ಲಿ?” ಎಂದು ಆಂಟಿ ಮೊಸರನ್ನ ಬಡಿಸಿಕೊಂಡರು.

ಎಲ್ಲರೂ ನಕ್ಕರು. ಸುಳ್ಳೇಕೆ ಹೇಳಲಿ, ನಾನೂ ನಕ್ಕಿದ್ದೆ.

ಎರಡು ವರ್ಷವಾದ ಮೇಲೆ ಒಂದು ಸಂಜೆ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದರು. ಹಳೆಯ ಯೂರೋಪಿಯನ್ ಸಂಗೀತ ನುಡಿಸುವ ಉದಯೋನ್ಮುಖ ಕಲಾವಿದರಿಗೊಂದು ಸ್ಪರ್ಧೆ. ಗೆದ್ದವರಿಗೆ ಕಛೇರಿ, ಜೊತೆಗೆ ಗ್ರ್ಯಾಂಟ್. ಮೊದಲ ಸುತ್ತಿಗೆ ವಿಡಿಯೋ ಕಳಿಸಬೇಕು. ವಯಸ್ಸಿನ ಮಾತೇ ಇರಲಿಲ್ಲ.

“ಗೆಲ್ಲೋದೆಲ್ಲ ಬೇಡ ಕಣೇ. ಸಂಗೀತ ಗೊತ್ತಿರೋರ ಮುಂದೆ ಒಂದ್ಸಲ ನುಡಿಸ್ಬೇಕು. ಚೆನ್ನಾಗಿದೆಯೋ ಇಲ್ವೋ ಅವ್ರು ಹೇಳ್ಬೇಕು. ವೀಣೆ ಪರೀಕ್ಷೆಗೆ ಹದಿನೈದು ದಿನ ಇದೆ ಅನ್ನೋವಾಗ ಮದ್ವೆ ಮಾಡಿಬಿಟ್ರು ನಂಗೆ,” ಎಂದರು. ಅವರು ವೀಣೆ ಕಲಿತಿದ್ದರೆಂದು ನನಗೆ ತಿಳಿದದ್ದೇ ಅವತ್ತು.

ಅವರ ಬೇಸ್‌ಮೆಂಟಿನಲ್ಲಿ ನನ್ನ ಫೋನಿನಲ್ಲೇ ರೆಕಾರ್ಡ್ ಮಾಡಿದೆ. ಹನ್ನೊಂದು ಟೇಕ್. ಕಳಿಸಿದೆವು. ಮೂರು ವಾರಕ್ಕೆ ಉತ್ತರ ಬಂತು: ಒಂಟಿ ವಾದನ ಕೇಳಿದ್ದೆವು, ನಿಮ್ಮ ವಿಡಿಯೋದಲ್ಲಿ ಮೊದಲಿನಿಂದ ಕೊನೆಯವರೆಗೆ ಎಲೆಕ್ಟ್ರಾನಿಕ್ ಶಬ್ದವೊಂದು ಕೇಳುತ್ತಿದೆ, ಆದ್ದರಿಂದ ಪರಿಗಣಿಸಲಾಗದು.

“ಅಯ್ಯೋ! ಶ್ರುತಿ ಪೆಟ್ಟಿಗೆ ಆಫ್ ಮಾಡೋದೇ ಮರೆತ್ವಲ್ಲೇ!”

ಹನ್ನೊಂದು ಟೇಕಿನಲ್ಲೂ ಅದು ಪಕ್ಕದಲ್ಲೇ ಮೊರೆಯುತ್ತಿತ್ತು. ನಮ್ಮಿಬ್ಬರಿಗೂ ಕೇಳಿಸಿರಲಿಲ್ಲ. ಹುಟ್ಟಿದಾಗಿನಿಂದ ಸಂಗೀತ ಎಂದರೆ ಅದರ ಜೊತೆಗೇ ಕೇಳಿದ ಕಿವಿಗಳು, ಅದನ್ನು ಶಬ್ದವೆಂದು ಎಣಿಸುವುದಾದರೂ ಹೇಗೆ? ಆಂಟಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಒಂದು ವರ್ಷ ದಿನಾ ಪ್ರ್ಯಾಕ್ಟೀಸ್ ಮಾಡಿದರು. ಶ್ರುತಿ ಪೆಟ್ಟಿಗೆ ಇಲ್ಲದೆ. ಗೋಡೆಯಾಚೆ ನನಗೆ ಎಲ್ಲ ಕೇಳುತ್ತಿತ್ತು. ಬೆರಳು ಎಲ್ಲಿ ತಡವರಿಸುತ್ತಿತ್ತು, ಯಾವಾಗ ಸರಿಹೋಯಿತು, ಎಲ್ಲ.

ಮರುವರ್ಷದ ಪ್ರಕಟಣೆಯಲ್ಲಿ ಹೊಸದೊಂದು ಸಾಲು ಸೇರಿತ್ತು: ವಯಸ್ಸು ಮೂವತ್ತೈದು ದಾಟಿರಬಾರದು.

ಆಂಟಿ ಈಮೇಲ್ ಮಾಡಿದರು. ಈ ಸ್ಪರ್ಧೆ ವೃತ್ತಿಜೀವನ ಆರಂಭಿಸುತ್ತಿರುವವರಿಗಾಗಿ ಎಂದು ಬಹಳ ವಿನಯದ ಉತ್ತರ ಬಂತು. “ನಾನು ಮತ್ತಿನ್ನೇನು ಮಾಡ್ತಿದ್ದೀನಂತೆ? ಸಂಗೀತ ಏನು ಅವರಪ್ಪನ ಮನೆ ಆಸ್ತಿನಾ?” ಎಂದರು. ಅವರು ಅಷ್ಟು ಕೋಪಗೊಂಡದ್ದನ್ನು ನಾನು ನೋಡಿರಲಿಲ್ಲ. ಆಮೇಲೆ ಲ್ಯಾಪ್‌ಟಾಪ್ ಮುಚ್ಚಿಟ್ಟು, “ಫೈನಲ್ಸ್ ಯಾವತ್ತು? ನೀನು ಡ್ರೈವ್ ಮಾಡ್ತೀಯಾ?” ಎಂದು ಕೇಳಿದರು.

ದಕ್ಷಿಣಕ್ಕೆ, ರಿಸರ್ಚ್ ಟ್ರಯಾಂಗಲ್ ಎಂಬ ಪ್ರದೇಶದ ಹತ್ತಿರದ ಒಂದು ಚರ್ಚಿನಲ್ಲಿ ಫೈನಲ್ಸ್. ಐದು ಗಂಟೆಯ ದಾರಿ, ಚಿತ್ರಾನ್ನದ ಡಬ್ಬಿ, ಇರಲಿ ಎಂದು ಗ್ಲೋವ್ ಬಾಕ್ಸಿನಲ್ಲಿಟ್ಟ ಒಂದು ಹೆಚ್ಚುವರಿ ತಂತಿ, ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಸಿಕೊಂಡು ಮಲಗಿದ ವಾದ್ಯ. ಲಂಚ್ ಬ್ರೇಕ್ ಆಗುತ್ತಿದ್ದಂತೆ ಆಂಟಿ ಪಾರ್ಕಿಂಗ್ ಲಾಟಿನಲ್ಲಿ ನನ್ನ ಮಿನಿವ್ಯಾನಿನ ಹಿಂಬಾಗಿಲು ಎತ್ತಿಸಿದರು, ಸ್ಟೂಲು ಹಾಕಿಸಿಕೊಂಡರು, ಸೀರೆಯ ಸೆರಗು ಸಿಕ್ಕಿಸಿ ಕೂತರು. ನನಗೆ ಮಾನ ಹೋದಂತಾಗಿ ವ್ಯಾನಿನ ಮರೆಗೆ ಸರಿದೆ. ಇವತ್ತಿಗೂ ಅದಕ್ಕೆ ನಾಚಿಕೆಪಡುತ್ತೇನೆ.

ನುಡಿಸಿದರು. ಎರಡು ಕಡೆ ತಪ್ಪಿತು. ಸ್ಪರ್ಧೆಗೆ ಬಂದಿದ್ದ ಹುಡುಗಿಯೊಬ್ಬಳು ಸ್ಯಾಂಡ್‌ವಿಚ್ ಕೈಯಲ್ಲೇ ಹಿಡಿದು ನಿಂತಳು. ಮತ್ತೆ ನಾಲ್ಕೈದು ಜನ. ಕೊನೆಗೆ ಕೊರಳಲ್ಲಿ ಬ್ಯಾಡ್ಜ್ ಹಾಕಿಕೊಂಡ ಒಬ್ಬ ಓಡಿಬಂದು, “ಮ್ಯಾಮ್, ದಿ ಇವೆಂಟ್ ಈಸ್ ಇನ್‌ಸೈಡ್,” ಎಂದ.

“ಐ ನೋ. ಯು ಡಿಡಂಟ್ ಲೆಟ್ ಮಿ ಇನ್‌ಸೈಡ್,” ಎಂದು ಕಮಾನು ನಿಲ್ಲಿಸದೆಯೇ ಹೇಳಿದರು ಆಂಟಿ. ಅವನು ಮುಗಿಯುವವರೆಗೂ ನಿಂತು ಎಲ್ಲರ ಜೊತೆ ಚಪ್ಪಾಳೆ ತಟ್ಟಿದ, ಒಳಗೆ ಬನ್ನಿ ಎನ್ನಲಿಲ್ಲ. ನನಗೆ ಅದೇ ಹೆಚ್ಚು ಸಿಟ್ಟು ಬರಿಸಿತು. ಆ ಹುಡುಗಿ ಮಾತ್ರ ಹತ್ತಿರ ಬಂದು, ಎಡಗೈ ಹೆಬ್ಬೆರಳು ಬಿಗಿಯಾಗಿದೆ, ಸಡಿಲ ಬಿಡಿ ಎಂದು ತೋರಿಸಿಕೊಟ್ಟಳು. ಆಂಟಿ ಮನೆಗೆ ಬರುವವರೆಗೂ ಆ ಹೆಬ್ಬೆರಳಿನ ಮಾತೇ ಆಡಿದರು. “ನೆಕ್ಸ್ಟ್ ಇಯರ್ ಮತ್ತೆ ಹೋಗೋಣ,” ಎಂದರು. ಆ ನೆಕ್ಸ್ಟ್ ಇಯರ್‌ನೊಳಗೆ ಕ್ಯಾನ್ಸರ್ ಬಂತು. ನಾಲ್ಕೇ ತಿಂಗಳು...

ಈಚೆಗೆ ಅವರ ಮಗಳು ಅಮ್ಮನ ಹೆಸರಿನಲ್ಲಿ ಒಂದು ಗ್ರ್ಯಾಂಟ್ ಇಡಬೇಕೆಂದು ಸ್ಪರ್ಧೆ ನಡೆಸುವ ಅದೇ ಸಂಸ್ಥೆಗೆ ಬರೆದಿದ್ದಳು. ಅವರು ಸಂತೋಷದಿಂದ ಒಪ್ಪಿ ಕರಡು ಕಳಿಸಿದರು. ಮೇಲೆ ಆಂಟಿಯ ಹೆಸರು, ಕೆಳಗೆ ಮೂವತ್ತೈದರ ಸಾಲು. ಆ ಸಾಲು ತೆಗೆಯಿರಿ ಎಂದು ಮಗಳು ಕೇಳಿದಳು. ಆಗುವುದಿಲ್ಲ ಎಂದರು.

ನಿನ್ನೆ ಫೋನ್ ಮಾಡಿದ್ದಳು. “ನೋ ಅಂದ್ರೆ ಅಮ್ಮನ ನೇಮ್ ಎಲ್ಲೂ ಇರಲ್ಲ, ಅಕ್ಕಾ. ವಾಟ್ ಡು ಐ ಡು?”

“ಇಲ್ದಿದ್ರೆ ಬೇಡ,” ಎಂದೆ. “ನಿಮ್ಮಮ್ಮನ್ನ ಹೊರಗೆ ನಿಲ್ಲಿಸಿದ ಬಾಗಿಲಿಗೆ ನಿಮ್ಮಮ್ಮನ ಹೆಸರಿನ ಬೋರ್ಡು ಹಾಕ್ಬೇಡ.”

ಆ ಕಡೆ ಅವಳು ಅತ್ತಳು. ಈ ಕಡೆ ನಾನೂ. ಆಮೇಲೆ ಮೂಗು ಒರೆಸಿಕೊಂಡು, “ಓಕೆ. ನೋ ಅಂತ ಬರೀತೀನಿ,” ಎಂದಳು.

ಬರೆದಳು. ಆಂಟಿಯ ಹೆಸರಿನಲ್ಲಿ ಈಗ ಎಲ್ಲೂ ಏನೂ ಇಲ್ಲ. ಗೋಡೆಯಾಚೆ ಆಂಟಿಯೂ ಇಲ್ಲ.